ಮಗು ಹೊಟ್ಟೆನೋವು ಅಂತಿದೆ, ರಿಪೋರ್ಟ್ ಎಲ್ಲಾ ನಾರ್ಮಲ್: ಹಾಗಾದ್ರೆ ಎಂಥದು ಅಂತ ಪತ್ತೆ ಹಚ್ಚೋದು ಹೇಗೆ?

ಜೂನಲ್ಲಿ ಮಳೆ ಹಿಡೀತು, ಸ್ಕೂಲೂ ಶುರುವಾಯ್ತು ಅಂದ್ರೆ ನಮ್ ಕಡೆ ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲಾ ಕಡೆ ಎಷ್ಟೋ ಮನೇಲಿ ಬೆಳಿಗ್ಗೆ ಎದ್ದ ಕೂಡ್ಲೆ ಒಂದೇ ರಾಗ, "ಅಮ್ಮಾ ಹೊಟ್ಟೆನೋವು". ಅಜ್ಜಿ ಓಮಿನ ಕಷಾಯ ಮಾಡ್ತಾರೆ, ಅಪ್ಪ ಮೆಡಿಕಲ್ ಶಾಪಿಂದ ಹುಳದ ಮಾತ್ರೆ ತರ್ತಾರೆ, ಯಾರೋ ಬಟ್ಟಿ ಜಾರಿದೆ ಹೊಟ್ಟೆ ತಿಕ್ಕಿಸಿ ಅಂತಾರೆ, ಯಾವ್ದಕ್ಕೂ ಬಗ್ಗದಿದ್ರೆ ಶಿವಮೊಗ್ಗದ ಬಸ್ ಹತ್ತಿ ರಕ್ತ, ಯೂರಿನ್, ಸ್ಕ್ಯಾನಿಂಗ್ ಎಲ್ಲಾ ಮಾಡ್ಸಿದ್ರೆ ಎಲ್ಲಾ ನಾರ್ಮಲ್ ಅಂತ ಬರತ್ತೆ. ಅಲ್ಲಿಂದ ಮನೇಲಿ ಎರಡು ಪಾರ್ಟಿ. ಒಬ್ರು "ಸ್ಕೂಲಿಗೆ ಚಕ್ಕರ್ ಹಾಕೋಕೆ ನಾಟಕ" ಅಂತಾರೆ, ಇನ್ನೊಬ್ರು "ಇಲ್ಲಿ ಗೊತ್ತಾಗಲ್ಲ, ಮಣಿಪಾಲಕ್ಕೆ ಕರ್ಕೊಂಡು ಹೋಗೋಣ" ಅಂತಾರೆ.

ನಾನು ಮಕ್ಕಳ ವಾರ್ಡಲ್ಲಿ ನರ್ಸ್ ಆಗಿ ಕೆಲಸ ಮಾಡೋಳು, ಹಾಗಾಗಿ ಈ ಎರಡೂ ಪಾರ್ಟಿಯವರನ್ನೂ ನೋಡ್ತಾನೇ ಇರ್ತೀನಿ. ಇಬ್ಬರಿಗೂ ಹೇಳೋದು ಒಂದೇ: ಮಗುವಿನ ನೋವು ನಿಜ, ಆದ್ರೆ ಅದರ ಉತ್ತರ ಬಹಳ ಸಲ ಸ್ಕ್ಯಾನ್ ಮೆಷಿನಲ್ಲಿ ಇರಲ್ಲ, ನೀವು ಮನೇಲಿ ಏನ್ ಗಮನಿಸಿದ್ರಿ ಅನ್ನೋದ್ರಲ್ಲಿ ಇರತ್ತೆ. ಇದಕ್ಕೆ ಡಾಕ್ಟರುಗಳು ಫಂಕ್ಷನಲ್ ತೊಂದರೆ ಅಂತಾರೆ. ಕರುಳಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇಲ್ಲ, ಆದ್ರೆ ಕರುಳು ಕೆಲಸ ಮಾಡೋ ರೀತಿ, ಕರುಳಿಂದ ಮೆದುಳಿಗೆ ಸುದ್ದಿ ಹೋಗೋ ರೀತಿ ಏರುಪೇರಾಗಿದೆ. ಸುಟ್ಟ ಚರ್ಮಕ್ಕೆ ಬೆಚ್ಚಗಿನ ನೀರು ತಾಗಿದ್ರೂ ಹೇಗೆ ಉರಿಯತ್ತೋ ಹಾಗೆ, ಈ ಮಕ್ಕಳ ಕರುಳಿಗೆ ಮಾಮೂಲಿ ಗ್ಯಾಸು, ಮಾಮೂಲಿ ಊಟ ಕೂಡ ನೋವು ಅನ್ಸತ್ತೆ. ಒಂದು ಸಲ ಜೋರಾಗಿ ವಾಂತಿಭೇದಿ ಆಗಿ ಹೋದ್ಮೇಲೆ ಹೀಗೆ ಶುರುವಾಗೋ ಮಕ್ಕಳೂ ಇದಾರೆ.

ಇದು ಹೊಸದೂ ಅಲ್ಲ. 1958ರಲ್ಲೇ ಇಂಗ್ಲೆಂಡಿನ ಜಾನ್ ಆಪ್ಲಿ ಅನ್ನೋ ಮಕ್ಕಳ ಡಾಕ್ಟರ್ ಮತ್ತೆ ಅವರ ಜೊತೆಯವರು 1000 ಸ್ಕೂಲ್ ಮಕ್ಕಳನ್ನ ನೋಡಿ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಮಗುವಿಗೆ ಹೀಗೆ ಮತ್ತೆ ಮತ್ತೆ ಬರೋ ಹೊಟ್ಟೆನೋವು ಇದೆ ಅಂತ ಬರೆದಿದ್ರು. ಇಂಥ ಫಂಕ್ಷನಲ್ ತೊಂದರೆ ಗುರುತಿಸೋಕೆ ಡಾಕ್ಟರುಗಳು ಬಳಸೋದು 2016ರಲ್ಲಿ ಬಂದ ರೋಮ್ 4 ಅನ್ನೋ ಪಟ್ಟಿ, ಕೆಳಗೆ ಹೇಳಿರೋ ದಿನ ತಿಂಗಳುಗಳ ಲೆಕ್ಕ ಅದರದ್ದೇ. ನೀವು ಮನೇಲಿ ಡಯಾಗ್ನೋಸಿಸ್ ಮಾಡ್ಬೇಕು ಅಂತ ಹೇಳ್ತಿಲ್ಲ, ಡಾಕ್ಟರ ಮುಂದೆ ಕೂತಾಗ ಸರಿಯಾದ ಕಥೆ ಹೇಳೋ ಹಾಗಾಗ್ಬೇಕು ಅಂತ.

ಮೊದಲನೇದು: ಕಾಯಬಾರದ ಹೊಟ್ಟೆನೋವು ಯಾವ್ದು

ಇದನ್ನ ದಾಟಿ ಮುಂದಕ್ಕೆ ಹೋಗ್ಲೇಬೇಡಿ. ನೋವು ಹೊಕ್ಕಳ ಹತ್ರ ಶುರುವಾಗಿ ಕೆಲವು ಗಂಟೇಲಿ ಬಲಗಡೆ ಕೆಳಹೊಟ್ಟೆಗೆ ಇಳಿದು, ಮಗು ಬಗ್ಗಿ ನಡೀತಾ, ಕುಪ್ಪಳಿಸು ಅಂದ್ರೆ ಆಗಲ್ಲ ಅಂದ್ರೆ ಅದು ಅಪೆಂಡಿಕ್ಸ್ ಇರಬಹುದು, ಆ ದಿನವೇ ಆಸ್ಪತ್ರೆ. ಹಸಿರು ಬಣ್ಣದ ವಾಂತಿ ಆದ್ರೆ ಎಷ್ಟೇ ಚಿಕ್ಕ ಮಗು ಇರಲಿ ತಡ ಮಾಡ್ಬೇಡಿ, ಕರುಳು ತಿರುಚಿಕೊಂಡಿರಬಹುದು. ಕೈಗೂಸು ಬಿಟ್ಟು ಬಿಟ್ಟು ಕಿರುಚಿ ಕಾಲು ಹೊಟ್ಟೆಗೆ ಮಡಚ್ಕೊಂಡು, ಮಧ್ಯೆ ಸುಸ್ತಾಗಿ ಬಿದ್ದು, ಮಲದಲ್ಲಿ ಕೆಂಪು ಲೋಳೆ ಬಂದ್ರೂ ಹಾಗೇ. ಗಂಡು ಹುಡುಗ್ರು ಕೆಳಹೊಟ್ಟೆ ನೋವು ಅಂದ್ರೆ ನಾಚ್ಕೆ ಬಿಟ್ಟು ಚಡ್ಡಿ ಬಿಚ್ಚಿ ಬೀಜ ಊದ್ಕೊಂಡಿದ್ಯಾ, ಮುಟ್ಟಿದ್ರೆ ಚೀರ್ತಾನಾ ನೋಡಿ, ಬೀಜ ತಿರುಚಿಕೊಂಡಿದ್ರೆ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗ್ಬೇಕು. ಹೊಟ್ಟೆನೋವು ವಾಂತಿ ಜೊತೆ ವಿಪರೀತ ಬಾಯಾರಿಕೆ, ಪದೇ ಪದೇ ಒಂದಕ್ಕೆ ಹೋಗೋದು, ಸಣ್ಣ ಆಗೋದು ಇದ್ರೆ ಶುಗರ್ ಚೆಕ್ ಮಾಡ್ಸಿ.

ನಮ್ ಮಲೆನಾಡಿನ ಎರಡು ವಿಷಯ ಬೇರೆಯಾಗೇ ಹೇಳ್ಬೇಕು. ಒಂದು, ರಾತ್ರಿ ನೆಲದ ಮೇಲೆ ಚೆನ್ನಾಗಿ ಮಲಗಿದ್ದ ಮಗು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ವಾಂತಿ ಮಾಡಿ, ರೆಪ್ಪೆ ಜೋತು ಬಿದ್ದು, ಮಾತು ತೊದಲಿದ್ರೆ ಕಟ್ಟುಹಾವು ಕಚ್ಚಿರಬಹುದು. ಆ ಹಾವು ಕಚ್ಚಿದ್ದು ಎಷ್ಟೋ ಸಲ ನೋಯೋದೂ ಇಲ್ಲ, ಗುರುತೂ ಕಾಣಲ್ಲ. ಕಷಾಯ, ನಾಟಿ ಮದ್ದು ಅಂತ ಒಂದು ನಿಮಿಷನೂ ಕಳೀದೆ ಆಸ್ಪತ್ರೆಗೆ ಓಡಿ. ಇನ್ನೊಂದು ಜ್ವರ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲೇ ಮೊದಲು ಸಿಕ್ಕ ಮಂಗನ ಕಾಯಿಲೆಯಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವಿನ ಜೊತೆ ವಾಂತಿ, ಹೊಟ್ಟೆ ತೊಂದರೆ ಎಲ್ಲಾ ಇರತ್ತೆ, ಡೆಂಗ್ಯೂನಲ್ಲೂ ಹೊಟ್ಟೆನೋವು ಬರತ್ತೆ. ಡಿಸೆಂಬರಿಂದ ಮೇ ಒಳಗೆ ಕಾಡು, ತೋಟ ಸುತ್ತಿ ಬಂದು ಉಣುಗು ಹತ್ತಿಸ್ಕೊಂಡ ಮಗುವಿಗೆ ಜ್ವರ ಬಂದ್ರೆ ಅದು ಫಂಕ್ಷನಲ್ ಅಲ್ಲ. ಫಂಕ್ಷನಲ್ ತೊಂದರೆಗೆ ಜ್ವರ ಬರೋದೇ ಇಲ್ಲ, ಇದೊಂದು ನೆನಪಿಟ್ಕೊಂಡ್ರೂ ಸಾಕು.

ಎರಡನೇದು: ನಿಧಾನಕ್ಕೆ ಕಾಣೋ ಅಪಾಯದ ಗುರುತು

ತೂಕ ಇಳೀತಿದ್ಯಾ, ಅಥವಾ ಎತ್ತರ ಬೆಳೆಯೋದು ನಿಂತಿದ್ಯಾ ಅನ್ನೋದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ತಾಯಿ ಕಾರ್ಡು, ಅಂಗನವಾಡಿ ತೂಕದ ಪುಸ್ತಕ, ಸ್ಕೂಲ್ ಹೆಲ್ತ್ ಕಾರ್ಡು ಏನಿದ್ರೂ ತೆಗ್ದು ನೋಡಿ, ಹಳೇ ಯೂನಿಫಾರ್ಮ್ ಈ ವರ್ಷವೂ ಸರಿಯಾಗಿ ಆಗ್ತಿದೆ ಅಂದ್ರೆ ಖುಷಿ ಪಡಬೇಡಿ, ಅದೂ ಒಂದು ಗುರುತೇ. ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸೋ ನೋವು, ರಾತ್ರಿ ಎದ್ದು ಲೂಸ್ ಮೋಷನ್ನಿಗೆ ಹೋಗೋದು, ಆಗಾಗ ಬರೋ ಸಣ್ಣ ಜ್ವರ, ಕೀಲು ಊತ, ಬಾಯಲ್ಲಿ ವಾಸಿಯಾಗದ ಹುಣ್ಣು, ಗುದದ ಸುತ್ತ ಸೀಳು ಕೀವು, ನುಂಗೋಕೆ ಕಷ್ಟ, ಹೊಕ್ಕಳಿಂದ ದೂರ ಒಂದೇ ಕಡೆ ಅದ್ರಲ್ಲೂ ಬಲಗಡೆ ಕುಂತಿರೋ ನೋವು, ಮನೇಲಿ ಯಾರಿಗಾದ್ರೂ ಕರುಳಿನ ಉರಿಯೂತದ ಕಾಯಿಲೆ ಇರೋದು, ಮನೇಲಿ ಟಿಬಿ ಇರೋರು ಇರೋದು, ಇವುಗಳಲ್ಲಿ ಒಂದಿದ್ರೂ ಮಕ್ಕಳ ಡಾಕ್ಟರಿಗೆ ಮೊದ್ಲು ಅದನ್ನೇ ಹೇಳಿ. ಆಪ್ಲಿ ಅವರ ಹಳೇ ಸೂತ್ರವೂ ಇದೇ, ನೋವು ಹೊಕ್ಕಳಿಂದ ಎಷ್ಟು ದೂರವೋ ಅಷ್ಟು ಬೇರೆ ಕಾಯಿಲೆ ಇದ್ಯಾ ಅಂತ ಹುಡುಕಬೇಕು. ನೂರಕ್ಕೆ ನೂರು ಸರಿ ಬರಲ್ಲ, ಆದ್ರೂ ಇವತ್ತಿಗೂ ಉಪಯೋಗಕ್ಕೆ ಬರತ್ತೆ.

ಮೂರನೇದು: ಎರಡು ವಾರ ಒಂದು ನೋಟ್‌ಬುಕ್

ಮೇಲಿಂದು ಯಾವ್ದೂ ಇಲ್ಲ, ಮಗು ಆಟ ಆಡ್ತಿದೆ, ಬೆಳೀತಿದೆ ಅಂದ್ರೆ ಈಗ ಕೆಲಸ ನಿಮ್ದು. ನೋವು ಎಷ್ಟು ಗಂಟೆಗೆ ಬಂತು, ಎಷ್ಟೊತ್ತು ಇತ್ತು, ಬೆರಳಿಟ್ಟು ತೋರಿಸಿದ್ದು ಎಲ್ಲಿ, ಅದಕ್ಕೆ ಮುಂಚೆ ಏನು ತಿಂದಿತ್ತು, ಎರಡಕ್ಕೆ ಹೋದ್ಮೇಲೆ ಕಮ್ಮಿ ಆಯ್ತಾ ಜಾಸ್ತಿ ಆಯ್ತಾ, ಆ ದಿನ ಸ್ಕೂಲ್ ಇತ್ತಾ ರಜೆನಾ, ವಾಂತಿ ತಲೆನೋವು ಇತ್ತಾ. ದಿನಾ ಒಂದು ಸಾಲು ಸಾಕು. ದೊಡ್ಡ ಮಕ್ಕಳಾದ್ರೆ ಅವ್ರೇ ಬರೀಲಿ.

ಮತ್ತೆ ಮಲ ನೋಡ್ಬೇಕು, ಅಸಹ್ಯ ಪಟ್ಕೊಂಡ್ರೆ ಆಗಲ್ಲ ಮಾರಾಯ್ರೆ. ಡಾಕ್ಟರುಗಳ ಹತ್ರ ಬ್ರಿಸ್ಟಲ್ ಚಾರ್ಟ್ ಅಂತ 7 ಚಿತ್ರದ ಒಂದು ಹಾಳೆ ಇರತ್ತೆ, ಮೊಬೈಲಲ್ಲೂ ಸಿಗತ್ತೆ. 1ನೇದು ಆಡಿನ ಹಿಕ್ಕೆ ಥರ, 2ನೇದು ಗಂಟು ಗಂಟಾಗಿ ಅಂಟಿದ ಉದ್ದನೆ ದಪ್ಪ ಮಲ, 3 ಮತ್ತು 4 ಒಳ್ಳೇದು, 6 ಮತ್ತು 7 ತೆಳು ನೀರು. ಏಳೆಂಟು ವರ್ಷದ ಮಗು ಎರಡಕ್ಕೆ ಹೋಗಿದ್ದನ್ನ ಯಾವ ಅಮ್ಮನೂ ನೋಡಿರಲ್ಲ, "ದಿನಾ ಹೋಗ್ತಾನೆ" ಅಂತ ನಂಬಿಕೆ ಮೇಲೆ ಹೇಳ್ತಾರೆ, ಹೋಗ್ತಾನೆ ಸರಿ, ಆದ್ರೆ ಏನು ಬಂತು ಅನ್ನೋದು ಮುಖ್ಯ.

ನಾಲ್ಕನೇದು: ಮಲಬದ್ಧತೆ ಇದ್ಯಾ ಅಂತ ಬೇರೆಲ್ಲಕ್ಕಿಂತ ಮೊದ್ಲು ನೋಡಿ

ಇದನ್ನ ನಾನು ಎಷ್ಟು ಒತ್ತಿ ಹೇಳಿದ್ರೂ ಕಮ್ಮಿನೇ. ಸ್ಕೂಲ್ ಮಕ್ಕಳ ಹೊಟ್ಟೆನೋವಿನ ಹಿಂದೆ ಬಚ್ಚಿಟ್ಕೊಂಡು ಕೂತಿರೋದು ಬಹಳ ಸಲ ಇದೇ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಡೋ ಮಗು ಗಡಿಬಿಡೀಲಿ ಕಕ್ಕಸಿಗೆ ಕೂರಲ್ಲ, ಸ್ಕೂಲಲ್ಲಿ ಟಾಯ್ಲೆಟ್ಟಿಗೆ ನೀರಿಲ್ಲ, ಚಿಲಕ ಇಲ್ಲ, ವಾಸನೆ, ಹಾಗಾಗಿ ಇಡೀ ದಿನ ತಡ್ಕೊಳ್ಳತ್ತೆ, ಸಂಜೆ ಮನೆಗೆ ಬರೋಷ್ಟ್ರಲ್ಲಿ ಒತ್ತಡವೇ ಹೋಗಿರತ್ತೆ. ಮಳೆಗಾಲದಲ್ಲಿ ಬಾಯಾರಿಕೆ ಆಗಲ್ಲ ಅಂತ ನೀರಿನ ಬಾಟ್ಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರತ್ತೆ. ಮಲ ಒಳಗೇ ಉಳಿದು ಗಟ್ಟಿ ಆಗತ್ತೆ, ಒಂದಿನ ಹೊರಗೆ ಬರುವಾಗ ಸೀಳಿ ನೋಯತ್ತೆ, ನೋವಿಗೆ ಹೆದರಿ ಮಗು ಇನ್ನೂ ತಡೆಯತ್ತೆ, ಮಲದ ಚೀಲ ಹಿಗ್ಗಿ ಹಿಗ್ಗಿ ಕೊನೆಗೆ ತುಂಬಿದ್ದೇ ಗೊತ್ತಾಗಲ್ಲ.

ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಒಂದು ತಿಂಗಳಿಂದ ಇವುಗಳಲ್ಲಿ ಎರಡಾದ್ರೂ ಇದ್ರೆ ಮಲಬದ್ಧತೆ ಅಂತಾರೆ: ವಾರಕ್ಕೆ ಎರಡೇ ಸಲ ಅಥವಾ ಅದಕ್ಕೂ ಕಮ್ಮಿ ಹೋಗೋದು, ವಾರಕ್ಕೊಮ್ಮೆಯಾದ್ರೂ ಚಡ್ಡೀಲಿ ಆಗೋದು, ತಡೆಹಿಡಿಯೋ ಭಂಗಿ, ಗಟ್ಟಿ ಅಥವಾ ನೋವಿನ ಮೋಷನ್, ಕಕ್ಕಸ್ಸೇ ಕಟ್ಟೋಷ್ಟು ದಪ್ಪ ಮಲ, ಡಾಕ್ಟರ್ ನೋಡಿದಾಗ ಒಳಗೆ ದೊಡ್ಡ ಗಟ್ಟಿ ಸಿಗೋದು. ತಡೆಹಿಡಿಯೋ ಭಂಗಿ ಅಂದ್ರೆ ಮೂಲೇಲಿ, ಬಾಗಿಲ ಹಿಂದೆ ಹೋಗಿ ಕಾಲು ಕತ್ರಿ ಹಾಕ್ಕೊಂಡು ತುದಿಗಾಲಲ್ಲಿ ನಿಂತು ಮುಖ ಕೆಂಪು ಮಾಡ್ಕೊಳ್ಳೋದು. ಮನೆಯವ್ರು "ಪಾಪ ಮುಕ್ಕುತ್ತೆ, ಬರಲ್ಲ" ಅಂತಾರೆ, ಆದ್ರೆ ಅದು ಹೊರಗೆ ಹಾಕೋ ಪ್ರಯತ್ನ ಅಲ್ಲ, ಒಳಗೆ ಹಿಡಿಯೋ ಪ್ರಯತ್ನ.

ಚಡ್ಡೀಲಿ ಅಂಟೋದ್ರ ಬಗ್ಗೆ ಇನ್ನೊಂದು ಮಾತು. ಗಟ್ಟಿ ಮಲದ ಪಕ್ಕದಿಂದ ತೆಳು ಮಲ ಜಾರಿ ಮಗುವಿಗೆ ಗೊತ್ತಿಲ್ದೆ ಚಡ್ಡಿಗೆ ಬರತ್ತೆ. ಇದನ್ನ ಲೂಸ್ ಮೋಷನ್ ಅಂದ್ಕೊಂಡು ಭೇದಿ ನಿಲ್ಲೋ ಮಾತ್ರೆ ಕೊಟ್ರೆ ಇನ್ನೂ ಕೆಡತ್ತೆ. ಸೋಂಬೇರಿ, ಗಲೀಜು ಅಂತ ಬೈದು ಹೊಡೆದ ಮಕ್ಕಳನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯತ್ತೆ, ಆ ಮಗುವಿನ ತಪ್ಪು ಅದ್ರಲ್ಲಿ ಒಂಚೂರೂ ಇಲ್ಲ. ಮಲಬದ್ಧತೆ ಒಂದಿಷ್ಟೂ ಇಲ್ದೆ, ಮೋಷನ್ ಸರಿ ಇದ್ದು, ನಾಲ್ಕು ವರ್ಷ ದಾಟಿದ ಮಗು ಚಡ್ಡೀಲಿ ಪೂರ್ತಿ ಮಾಡ್ಕೊಳ್ತಿದ್ರೆ ಅದು ಬೇರೆ ತೊಂದರೆ, ಅದಕ್ಕೆ ಮಲಬದ್ಧತೆಯ ಔಷಧಿ ಕೆಲಸಕ್ಕೆ ಬರಲ್ಲ. ಹುಟ್ಟಿದಾಗ ಮೊದಲ ಕಪ್ಪು ಮಲ 48 ಗಂಟೆ ಕಳೆದು ಆಗಿತ್ತು, ಮೊದಲ ತಿಂಗಳಿಂದಲೇ ಮಲಬದ್ಧತೆ, ಹೊಟ್ಟೆ ಉಬ್ಬಿದೆ ಅಂದ್ರೆ ಕರುಳಿಗೆ ನರಗಳೇ ಸರಿಯಾಗಿ ಬಂದಿರದ ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದು, ಡಾಕ್ಟರಿಗೆ ಇದನ್ನ ತಪ್ಪದೆ ಹೇಳಿ.

ಇದಕ್ಕೆ ಡಾಕ್ಟರು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಇಲ್ಲಾಂದ್ರೆ ಲ್ಯಾಕ್ಟುಲೋಸ್ ಸಿರಪ್ ಬರೀತಾರೆ. ಮೊದಲ ಕೆಲವು ದಿನ ಜಾಸ್ತಿ ಡೋಸಲ್ಲಿ ತುಂಬಿದ್ದನ್ನ ಖಾಲಿ ಮಾಡೋದು, ಆಮೇಲೆ ಕಮ್ಮಿ ಡೋಸಲ್ಲಿ ಕನಿಷ್ಠ ಎರಡು ತಿಂಗಳು, ಎಷ್ಟೋ ಮಕ್ಕಳಿಗೆ ಇನ್ನೂ ಜಾಸ್ತಿ. ಎಲ್ರೂ ಎಡವೋದು ಇಲ್ಲೇ, ಒಂದು ವಾರ ಸರಿ ಹೋಯ್ತು ಅಂತ ನಿಲ್ಸಿಬಿಡ್ತಾರೆ, ಹಿಗ್ಗಿದ ಚೀಲ ಮೊದಲಿನ ಹಾಗೆ ಆಗೋಕೆ ಟೈಮ್ ಬೇಕು. ಜೊತೆಗೆ ಊಟ ಆದ ಮೇಲೆ ಐದರಿಂದ ಹತ್ತು ನಿಮಿಷ ಕಕ್ಕಸಿಗೆ ಕೂರಿಸಿ, ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನೇ ಕದಲತ್ತೆ. ಕಮೋಡ್ ಆದ್ರೆ ಕಾಲಡಿಗೆ ಮಣೆ ಇಡಿ, ಕಾಲು ನೇತಾಡಬಾರದು. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಕುಡಿಯೋ ಮಕ್ಕಳಿಗೆ ಹಾಲು ಕಮ್ಮಿ ಮಾಡಿ. ನಾರಿನ ಲೆಕ್ಕ ವಯಸ್ಸಿಗೆ 5 ಕೂಡಿಸಿದಷ್ಟು ಗ್ರಾಂ, ಅಂದ್ರೆ ಏಳು ವರ್ಷಕ್ಕೆ 12 ಗ್ರಾಂ. ಬರೀ ಅನ್ನ, ನೀರುದೋಸೆ, ಕಡುಬಲ್ಲಿ ಅದು ಬರಲ್ಲ, ಸೊಪ್ಪಿನ ಪಲ್ಯ, ಹೆಸರುಕಾಳು, ಸೀಬೆಹಣ್ಣು, ಪಪ್ಪಾಯಿ ಜೊತೆಗಿರಲಿ.

ಐದನೇದು: ಮಲಬದ್ಧತೆ ಅಲ್ಲ ಅಂದ್ರೆ ನೋವಿನ ಚಹರೆ ನೋಡಿ

ಈಗ ನೋಟ್‌ಬುಕ್ ತೆಗೀರಿ. ಮೇಲುಹೊಟ್ಟೆ, ಅಂದ್ರೆ ಎದೆಗೂಡಿನ ಕೆಳಗೆ ನೋವು ಉರಿ, ನಾಲ್ಕು ತುತ್ತಿಗೇ ಸಾಕು ಅನ್ನೋದು, ಊಟ ಆದ್ಮೇಲೆ ಹೊಟ್ಟೆ ಭಾರ, ಇದಕ್ಕೂ ಎರಡಕ್ಕೆ ಹೋಗೋದಕ್ಕೂ ಸಂಬಂಧ ಇಲ್ಲ ಅಂದ್ರೆ ಫಂಕ್ಷನಲ್ ಡಿಸ್ಪೆಪ್ಸಿಯಾ, ಅಂದ್ರೆ ಅಜೀರ್ಣದ ಥರದ ತೊಂದರೆ ಕಡೆ ಯೋಚನೆ ಮಾಡ್ತಾರೆ. ತಿಂಗಳಿಗೆ ಕನಿಷ್ಠ 4 ದಿನ, ಎರಡು ತಿಂಗಳಿಂದ ಇರಬೇಕು. ಖಾಲಿ ಹೊಟ್ಟೇಲಿ ನೋವಿನ ಮಾತ್ರೆ ನುಂಗಿಸಿದ್ರೂ ಹೀಗೇ ಉರಿ ಬರತ್ತೆ, ಅದನ್ನೂ ಡಾಕ್ಟರಿಗೆ ಹೇಳಿ.

ನೋವು ಮೋಷನ್ ಜೊತೆ ಕಟ್ಕೊಂಡಿದ್ರೆ, ಅಂದ್ರೆ ಹೋದ್ಮೇಲೆ ಕಮ್ಮಿಯೋ ಜಾಸ್ತಿಯೋ ಆಗತ್ತೆ, ನೋವಿನ ದಿನಗಳಲ್ಲಿ ಪದೇ ಪದೇ ಹೋಗತ್ತೆ, ತೆಳುವೋ ಗಟ್ಟಿಯೋ ಆಗತ್ತೆ ಅಂದ್ರೆ ಅದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದ್ರೆ ಬೇಗ ಕೆರಳೋ ಕರುಳು). ದಿನದ ಲೆಕ್ಕ ಅದೇ. ಮಲಬದ್ಧತೆ ಮತ್ತೆ ಐಬಿಎಸ್ ಬೇರೆ ಮಾಡೋಕೆ ಒಂದು ಸುಲಭದ ದಾರಿ ಇದೆ: ಮಲಬದ್ಧತೆಗೆ ಔಷಧಿ ಕೊಟ್ಟು ಮೋಷನ್ ಸರಿ ಆದ್ಮೇಲೆ ನೋವೂ ಹೋಯ್ತಾ, ಹಾಗಾದ್ರೆ ಅದು ಮಲಬದ್ಧತೆ. ಮೋಷನ್ ಸರಿ ಆಗಿ ನೋವು ಉಳೀತಾ, ಐಬಿಎಸ್ ಇರಬಹುದು. ಅದಕ್ಕೇ ನಾಲ್ಕನೇದನ್ನ ಮುಗಿಸ್ದೆ ಇಲ್ಲಿಗೆ ಬರಬೇಡಿ ಅಂತ ಹೇಳಿದ್ದು.

ತಿಂಗಳುಗಟ್ಟಲೆ ಏನೂ ಇಲ್ಲ, ಒಂದಿನ ಇದ್ದಕ್ಕಿದ್ದ ಹಾಗೆ ಹೊಕ್ಕಳ ಸುತ್ತ ಜೋರು ನೋವು, ಗಂಟೆಗಟ್ಟಲೆ, ಮಗು ಬಿಳಿಚಿಕೊಂಡು ಆಟ ಬಿಟ್ಟು ಕತ್ತಲೆ ಕೋಣೇಲಿ ಮಲಗತ್ತೆ, ಊಟ ಬೇಡ, ಓಕರಿಕೆ, ತಲೆನೋವು, ಬೆಳಕು ಬೇಡ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ಓಡಾಡತ್ತೆ. ಪ್ರತಿ ಸಲವೂ ಅದೇ ಥರ. ಆರು ತಿಂಗಳಲ್ಲಿ ಎರಡು ಸಲವಾದ್ರೂ ಹೀಗಾಗಿದ್ರೆ ಇದು ಹೊಟ್ಟೆಯ ಮೈಗ್ರೇನ್. ಅಮ್ಮನಿಗೋ ಅಜ್ಜಿಗೋ ಅರೆತಲೆನೋವು ಇದ್ಯಾ ಕೇಳಿ, ಇರೋದೇ ಜಾಸ್ತಿ. ಜಾತ್ರೆ, ಮದುವೆ ಅಂತ ನಿದ್ದೆ ಕೆಟ್ಟು ಊಟ ತಪ್ಪಿದ ಮಾರನೇ ದಿನ ಬರೋದುಂಟು.

ಇದ್ಯಾವ್ದಕ್ಕೂ ಸೇರದ, ಊಟಕ್ಕೂ ಮೋಷನ್ನಿಗೂ ಸಂಬಂಧ ಇಲ್ದೆ ತಿಂಗಳಿಗೆ 4 ಸಲವಾದ್ರೂ ಬರೋ ಹೊಕ್ಕಳ ನೋವಿಗೆ ಬರೀ ಫಂಕ್ಷನಲ್ ಹೊಟ್ಟೆನೋವು ಅಂತ ಹೆಸರು. ಸ್ಕೂಲ್ ದಿನ ಮಾತ್ರ ಬಂದು ಭಾನುವಾರ ಬರ್ದಿದ್ರೆ ನಾಟಕ ಅಂತಲ್ಲ, ಅಲ್ಲಿ ಮಗುವಿಗೆ ಭಯ ಹುಟ್ಸೋದು ಏನೋ ಇದೆ ಅಂತ. ಹೊಸ ಮೀಡಿಯಂ, ಹಾಸ್ಟೆಲ್, ಬಸ್ಸಲ್ಲಿ ದೊಡ್ಡ ಹುಡುಗ್ರ ಕಾಟ, ಹೊಡೆಯೋ ಟೀಚರ್, ಮೆಲ್ಲಗೆ ಕೂತು ಕೇಳಿ.

ವಾಂತಿಯೇ ಮುಂದಿದ್ರೆ

ಊಟ ಆದ ಕೂಡ್ಲೆ ಓಕರಿಕೆ ಇಲ್ದೆ ತಿಂದಿದ್ದು ಸಲೀಸಾಗಿ ಬಾಯಿಗೆ ಬಂದು, ಮಗು ಅದನ್ನ ಮತ್ತೆ ಅಗಿದು ನುಂಗತ್ತೆ ಅಥವಾ ಉಗಿಯತ್ತೆ, ನಿದ್ದೇಲಿ ಹಾಗಾಗಲ್ಲ ಅಂದ್ರೆ ಅದು ವಾಂತಿ ಅಲ್ಲ, ರೂಮಿನೇಷನ್, ಅದಕ್ಕೆ ವಾಂತಿ ಮಾತ್ರೆಗಿಂತ ಹೊಟ್ಟೆಯಿಂದ ಉಸಿರಾಡೋ ಅಭ್ಯಾಸ ಕೆಲಸ ಮಾಡತ್ತೆ. ಆರು ತಿಂಗಳಲ್ಲಿ ಎರಡು ಅಥವಾ ಜಾಸ್ತಿ ಸಲ, ಗಂಟೆಗಳಿಂದ ದಿನಗಟ್ಟಲೆ ಬಿಡದೆ ವಾಂತಿ, ಮಧ್ಯದ ವಾರಗಳಲ್ಲಿ ಪೂರ್ತಿ ಆರಾಮ ಅಂದ್ರೆ ಸೈಕ್ಲಿಕ್ ವಾಮಿಟಿಂಗ್. ಆದ್ರೆ ಮೊದಲ ಸಲ ಹಾಗಾದಾಗ ಯಾರೂ ಅದಕ್ಕೆ ಆ ಹೆಸರು ಇಡೋಕಾಗಲ್ಲ, ಆಸ್ಪತ್ರೆಗೆ ಹೋಗ್ಲೇಬೇಕು, ನೀರಿನಂಶ ಕಮ್ಮಿ ಆಗತ್ತೆ.

ಕೈಗೂಸುಗಳು, ಎರಡು ಮೂರು ವರ್ಷದವು

ಹಾಲು ಕುಡಿದು ದಿನಕ್ಕೆ ಎರಡು ಮೂರು ಸಲ ಕಕ್ಕೋ ಕೂಸು ತೂಕ ಏರ್ತಿದ್ರೆ ಔಷಧಿ ಬೇಡ, ವರ್ಷದೊಳಗೆ ನಿಲ್ಲತ್ತೆ. ಒಂಬತ್ತು ತಿಂಗಳೊಳಗಿನ ಕೂಸು ಹತ್ತು ನಿಮಿಷ ಮುಕ್ಕಿ ಅತ್ತು ಕೆಂಪಾಗಿ ಕೊನೆಗೆ ಮೆತ್ತಗಿನ ಮಲ ಮಾಡತ್ತೆ ಅಂದ್ರೆ ಅದು ಮಲಬದ್ಧತೆ ಅಲ್ಲ, ಒತ್ತುವಾಗ ಕೆಳಗೆ ಸಡಿಲ ಬಿಡೋದು ಅದಕ್ಕಿನ್ನೂ ಬಂದಿಲ್ಲ ಅಷ್ಟೆ. ಇಂಥ ಕೂಸಿಗೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಹಾಕೋದು, ಸೋಪಿನ ಚೂರು ಇಡೋದು ದಯವಿಟ್ಟು ಮಾಡ್ಬೇಡಿ, ಹಿರಿಯರು ಪ್ರೀತಿಯಿಂದಲೇ ಮಾಡ್ತಾರೆ ಆದ್ರೆ ಕೂಸು ತಾನಾಗಿ ಕಲಿಯೋದು ತಪ್ಪತ್ತೆ, ಗಾಯವೂ ಆಗಬಹುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬಜೆ, ಗ್ರೈಪ್ ವಾಟರ್ ಏನೂ ಬೇಡ. ಎರಡು ಮೂರು ವರ್ಷದ ಮಗು ದಿನಕ್ಕೆ ನಾಲ್ಕೈದು ಸಲ ನೋವಿಲ್ದೆ ತೆಳ್ಳಗೆ ಹೋಗತ್ತೆ, ಕ್ಯಾರೆಟ್ ಬಟಾಣಿ ಹಾಗೇ ಬರತ್ತೆ, ಆದ್ರೆ ಗುಂಡಗೆ ಬೆಳೀತಿದೆ ಅಂದ್ರೆ ಪ್ಯಾಕೆಟ್ ಜ್ಯೂಸ್ ನಿಲ್ಸಿ ನೋಡಿ.

ಟೆಸ್ಟ್ ಎಷ್ಟು ಸಾಕು

ಡಾಕ್ಟರು ಮಗುವನ್ನ ಮುಟ್ಟಿ ನೋಡಿ, ಸಾಮಾನ್ಯವಾಗಿ ಒಂದು ರಕ್ತ, ಯೂರಿನ್, ಮಲ ಪರೀಕ್ಷೆ ಮಾಡಿಸ್ತಾರೆ, ಹೆಣ್ಣು ಮಕ್ಕಳಲ್ಲಿ ಯೂರಿನ್ ಇನ್ಫೆಕ್ಷನ್ ಹೊಟ್ಟೆನೋವಾಗೇ ಕಾಣಬಹುದು. ಅಪಾಯದ ಗುರುತು ಏನೂ ಇಲ್ದಿದ್ರೆ ಅಷ್ಟು ಸಾಕು. ಸ್ಕ್ಯಾನ್ ಮಾಡ್ಸಿದ್ರೆ ಬಹಳ ಮಕ್ಕಳ ರಿಪೋರ್ಟಲ್ಲಿ "ಮೆಸೆಂಟೆರಿಕ್ ನೋಡ್ಸ್" ಅಂತ ಬರತ್ತೆ, ಅದನ್ನ ಓದಿ ಮನೆಯವ್ರು ಟಿಬಿನಾ ಗಡ್ಡೆನಾ ಅಂತ ರಾತ್ರಿಯೆಲ್ಲಾ ನಿದ್ದೆ ಬಿಡ್ತಾರೆ. ನೋಡ್ಸ್ ಅಂದ್ರೆ ಕರುಳ ಹತ್ರ ಇರೋ ಗಂಟುಗಳು, ಸಣ್ಣವು ಆರೋಗ್ಯವಾಗಿರೋ ಮಕ್ಕಳಲ್ಲೂ ಕಾಣತ್ತೆ. ಜ್ವರ ಇಲ್ಲ, ತೂಕ ಇಳಿದಿಲ್ಲ ಅಂದ್ರೆ ಅದೇ ನೋವಿಗೆ ಕಾರಣ ಅಂತ ಹಿಡ್ಕೊಳ್ಳಬೇಡಿ, ಆಂಟಿಬಯಾಟಿಕ್ ಅಂತೂ ನೀವಾಗೇ ತಗೋಬೇಡಿ. ಹುಳದ ಮಾತ್ರೆ ಫೆಬ್ರವರಿ ಆಗಸ್ಟಲ್ಲಿ ಅಂಗನವಾಡಿ, ಸ್ಕೂಲಲ್ಲೇ ಕೊಡ್ತಾರೆ, ಅದು ತಗೊಂಡಿದ್ರೆ ಪ್ರತಿ ಹೊಟ್ಟೆನೋವಿಗೂ ಮತ್ತೆ ಮತ್ತೆ ನುಂಗಿಸೋದು ಬೇಡ. ಹಾಲು ಕುಡಿದ್ರೆ ಗುಡುಗುಡು, ಗ್ಯಾಸು ಅಂದ್ರೆ ಎರಡು ವಾರ ಹಾಲು ನಿಲ್ಸಿ, ಆಮೇಲೆ ಮತ್ತೆ ಕೊಟ್ಟು ನೋಡಿ, ಮೊಸರು ಮಜ್ಜಿಗೆ ಬಹಳ ಮಕ್ಕಳಿಗೆ ತಡೆಯತ್ತೆ.

ಗುರುತಾದ ಮೇಲೆ ಮನೇಲಿ

ಮಗುವಿಗೆ ಹೀಗೆ ಹೇಳಿ: "ನಿನ್ನ ನೋವು ನಿಜ ಪುಟ್ಟ, ಆದ್ರೆ ಅದ್ರಿಂದ ಒಳಗೆ ಏನೂ ಹಾಳಾಗ್ತಿಲ್ಲ." ಆಮೇಲೆ ಗಂಟೆಗೊಂದ್ಸಲ "ನೋವಿದ್ಯಾ, ನೋವಿದ್ಯಾ" ಅಂತ ಕೇಳೋದು ಬಿಡಿ, ಕೇಳಿದಷ್ಟೂ ಗಮನ ಅಲ್ಲಿಗೇ ಹೋಗತ್ತೆ. ಸ್ಕೂಲ್ ಬಿಡಿಸಬೇಡಿ. ನೋವು ಬಂದ್ರೆ ಹತ್ತು ನಿಮಿಷ ಮಲಗಿ ಹೊಟ್ಟೆ ಮೇಲೆ ಕೈಯಿಟ್ಟು ನಿಧಾನಕ್ಕೆ ಉಸಿರಾಡಿ ಮತ್ತೆ ಕ್ಲಾಸಿಗೆ ಹೋಗಲಿ ಅಂತ ಟೀಚರಿಗೆ ಮೊದ್ಲೇ ಹೇಳಿಡಿ, ಎರಡಕ್ಕೆ ಕೇಳಿದ್ರೆ ಕೂಡ್ಲೆ ಬಿಡಬೇಕು ಅಂತಲೂ ಹೇಳಿ. ನೋವು ಇದ್ದ ದಿನ ಮನೇಲಿ ಉಳಿದ್ರೆ ಟಿವಿ ಮೊಬೈಲ್ ಬೇಡ, ಶಿಕ್ಷೆ ಅಂತಲ್ಲ, ರಜೆ ಥರ ಅನ್ಸಬಾರದು. ಐಬಿಎಸ್ ಮತ್ತೆ ಫಂಕ್ಷನಲ್ ನೋವಿಗೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ನಡವಳಿಕೆ ತಿದ್ದೋದು) ಅನ್ನೋ ಕೌನ್ಸೆಲಿಂಗ್ ಒಳ್ಳೇ ಫಲ ಕೊಡತ್ತೆ. ಮಗುವಿಗೆ ಹುಚ್ಚಾ ಅಂತ ಕೇಳ್ಬೇಡಿ, ಕರುಳಿಗೂ ಮೆದುಳಿಗೂ ನಡುವೆ ಇರೋ ದಾರಿಗೆ ಕೊಡೋ ಚಿಕಿತ್ಸೆ ಅದು.

ತಾಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಮಕ್ಕಳ ವಿಭಾಗಕ್ಕೋ ಹೋಗುವಾಗ ನೋಟ್‌ಬುಕ್, ತೂಕದ ಕಾರ್ಡು, ಹಳೇ ರಿಪೋರ್ಟುಗಳು, ಕೊಟ್ಟ ಔಷಧಿಗಳ ಬಾಟ್ಲಿ ಕಷಾಯದ ಹೆಸರು ಸಮೇತ ತಗೊಂಡು ಹೋಗಿ, ಮಗುವೇ ಬೆರಳಿಟ್ಟು ತೋರಿಸಲಿ, ನೀವು ಮಧ್ಯೆ ಬಾಯಿ ಹಾಕ್ಬೇಡಿ. ಫಂಕ್ಷನಲ್ ಅಂತ ಹೇಳಿ ಕಳಿಸಿದ ಮೇಲೂ ತಿಂಗಳಿಗೊಮ್ಮೆ ತೂಕ ಬರೆದಿಡಿ, ಎರಡನೇ ಭಾಗದ ಯಾವುದೇ ಗುರುತು ಹೊಸದಾಗಿ ಕಂಡ್ರೆ ಮುಂದಿನ ತಾರೀಖಿಗೆ ಕಾಯದೆ ವಾಪಸ್ ಹೋಗಿ.